ಹಂಗು, ಮುಯ್ಯಿ ಮತ್ತು ಒಂದು ಸೈಕಲ್ಲು

ಇನ್ನೊಬ್ಬರಿಂದ ಪಡೆದದ್ದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಹೆಸರುಗಳಿವೆ! ಸಾಲ ಒಂದು, ಋಣ ಇನ್ನೊಂದು, ಹಂಗು ಮತ್ತೊಂದು, ಮುಯ್ಯಿ ಮಗದೊಂದು. ಸಾಲಕ್ಕೆ ಬಡ್ಡಿ ಉಂಟು, ತೀರಿಸಿದರೆ ಮುಗಿಯಿತು. ಋಣ ತೀರುವಂಥದಲ್ಲ, ತಾಯಿಯ ಋಣ, ಮಣ್ಣಿನ ಋಣ ಎಂದು ಕೈಮುಗಿದು ಸುಮ್ಮನಾಗುತ್ತೇವೆ. ಹಂಗು ಚುಚ್ಚುವಂಥದು, ಕೊಟ್ಟವರು ಮರೆತರೂ ಪಡೆದವರಿಗೆ ಮರೆಯಲಾಗದು. ಮುಯ್ಯಿಯೊಂದೇ ಸಮಸಮಾನರ ವ್ಯವಹಾರ. ಮದುವೆಮನೆಯಲ್ಲಿ ಮುಯ್ಯಿ ಓದಿಸಿದಾಗ ಮನೆಯವರೊಬ್ಬರು ಮೂಲೆಯಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನು ಹಿಂದಿರುಗಿಸುವುದು ಮರ್ಯಾದೆ. ಬರೆದುಕೊಂಡದ್ದಕ್ಕೆ ಯಾರೂ ಬೇಸರಪಡುವುದಿಲ್ಲ. ಬರೆಯದಿದ್ದರೇ ಬೇಸರ.

ಇಷ್ಟೆಲ್ಲ ಪದಗಳ ನಡುವೆ ‘ಸ್ವಾವಲಂಬನೆ’ ಎಂಬುದು ಮಾತ್ರ ಪಾಠದ ಪುಸ್ತಕದಿಂದ ಇಳಿದು ಬಂದದ್ದು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಂದ ಆ ಪದವನ್ನು ಬರೆಸಿದ್ದೇನೆ, ಒತ್ತಕ್ಷರ ತಿದ್ದಿದ್ದೇನೆ. ಆದರೆ ಅಡುಗೆಮನೆಯಲ್ಲಿ ಯಾರಾದರೂ ಅದನ್ನು ಆಡಿದ್ದು ಕೇಳಿರಲಿಲ್ಲ. ನಮ್ಮ ಮನೆಗೆ ಆ ಪದ ಬಂದದ್ದು ಸೈಕಲ್ಲಿನ ಮೇಲೆ.

ನಾವಿರುವುದು ಹುಣಸಮಾರನಹಳ್ಳಿಯಲ್ಲಿ. ಯಲಹಂಕ ದಾಟಿ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯ ಮಗ್ಗುಲು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆಯನ್ನು ಅಡ್ಡ ದಾಟುವುದೇ ಒಂದು ಸಾಹಸವಾಗಿದೆ. ಹಗಲೆಲ್ಲ ಕಾರುಗಳದೇ ರಾಜ್ಯ. ಬೆಳಗಿನ ಜಾವ ಮಾತ್ರ ಮಿಣಮಿಣ ದೀಪ ಹಚ್ಚಿಕೊಂಡ ಸೈಕಲ್ಲುಗಳ ಸಾಲು ನಂದಿಬೆಟ್ಟದ ಕಡೆಗೆ ಹೋಗುತ್ತದೆ. ಆ ಸಾಲಿನಲ್ಲಿ ನನ್ನ ಸೊಸೆಯೂ ಒಬ್ಬಳು. ವಯಸ್ಸು ಮೂವತ್ತೊಂದು, ಆರು ವರ್ಷದ ಮಗನ ತಾಯಿ, ಹಗಲು ಕಂಪನಿಯ ಕೆಲಸ.

ಅವಳು ಹೊರಟಿರುವುದು ಟೂರ್ ಡಿವೈಡ್ ಎಂಬ ಸ್ಪರ್ಧೆಗೆ. ಕೆನಡಾದ ಬ್ಯಾನ್ಫ್ ಎಂಬ ಊರಿನಿಂದ ರಾಕಿ ಪರ್ವತಗಳ ಬೆನ್ನು ಹಿಡಿದು, ಅಮೆರಿಕವನ್ನು ಉದ್ದಕ್ಕೂ ಸೀಳಿ, ಮೆಕ್ಸಿಕೋ ಗಡಿಯ ಆಂಟೆಲೋಪ್ ವೆಲ್ಸ್‌ವರೆಗೆ ಸುಮಾರು 4,400 ಕಿಲೋಮೀಟರು. ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ ಹೋಗುವ 44ನೇ ಹೆದ್ದಾರಿ ನಮ್ಮ ಊರ ಮುಂದೆಯೇ ಹಾದುಹೋಗುತ್ತದಲ್ಲ, ಅದಕ್ಕಿಂತಲೂ ಉದ್ದ. ಅದರಲ್ಲಿ ಬಹುಪಾಲು ಮಣ್ಣಿನ, ಕಲ್ಲಿನ ದಾರಿ. 2008ರಿಂದ ನಡೆಯುತ್ತಿರುವ ಈ ಸ್ಪರ್ಧೆಗೆ ಪ್ರವೇಶ ಶುಲ್ಕವಿಲ್ಲ, ಗೆದ್ದವರಿಗೆ ಬಹುಮಾನದ ಹಣವೂ ಇಲ್ಲ. “ಮತ್ತೆ ಯಾಕಮ್ಮಾ ಹೋಗ್ತೀಯ?” ಎಂದು ಕೇಳಿದೆ. “ಅಲ್ಲಿ ಎಲ್ಲಾನೂ ನಾವೇ ಹೊತ್ಕೊಂಡು, ನಾವೇ ನೋಡ್ಕೋಬೇಕು ಅತ್ತೆ. ಯಾರ ಸಹಾಯಾನೂ ತಗೊಳ್ಳೋ ಹಾಗಿಲ್ಲ. ಸ್ವಾವಲಂಬನೆ,” ಎಂದಳು. ನನಗೆ ಶಾಲೆಯ ಕರಿಹಲಗೆ ನೆನಪಾಯಿತು.

ಆದರೆ ನಿಯಮವನ್ನು ಅವಳು ಬಿಡಿಸಿ ಹೇಳಿದಾಗ ಅದರಲ್ಲೊಂದು ಸೊಗಸಾದ ನ್ಯಾಯ ಕಂಡಿತು. ಸಹಾಯವೇ ಬೇಡ ಎಂದಲ್ಲ. ದಾರಿಯ ಅಂಗಡಿಯಲ್ಲಿ ರೊಟ್ಟಿ ಕೊಳ್ಳಬಹುದು, ಸೈಕಲ್ ಅಂಗಡಿಯಲ್ಲಿ ರಿಪೇರಿ ಮಾಡಿಸಬಹುದು, ದುಡ್ಡು ಕೊಟ್ಟು ಕೋಣೆಯಲ್ಲಿ ಮಲಗಬಹುದು. ಅವೆಲ್ಲ ಯಾವ ಸವಾರ ಬಂದರೂ ಸಿಗುವಂಥವು. ಆದರೆ ಗೆಳತಿಯೊಬ್ಬಳು ಮೊದಲೇ ಗೊತ್ತುಮಾಡಿಕೊಂಡು ದಾರಿಯಲ್ಲಿ ನಿಂತು ಒಂದು ಬಾಳೆಹಣ್ಣು ಕೊಟ್ಟರೆ ಅದು ತಪ್ಪು, ಏಕೆಂದರೆ ಹಿಂದೆ ಬರುವವಳಿಗೆ ಆ ಗೆಳತಿ ಇಲ್ಲ. ಎಲ್ಲರಿಗೂ ತೆರೆದದ್ದು ನಿನಗೂ ಉಂಟು, ನಿನಗೊಬ್ಬಳಿಗೇ ತೆರೆದದ್ದು ಬೇಡ. ಇದು ನಮಗೂ ಹೊಸದಲ್ಲ. ಬೇಸಗೆಯಲ್ಲಿ ದಾರಿಬದಿಯ ಅರವಟ್ಟಿಗೆಯಲ್ಲಿ ನೀರುಮಜ್ಜಿಗೆ ಕುಡಿದವರಿಗೆ ಹಂಗಿನ ಭಾವ ಬರುವುದಿಲ್ಲ. ಅದೇ ಮಜ್ಜಿಗೆಯನ್ನು ಶ್ರೀಮಂತ ನೆಂಟರ ಮನೆಯ ಹಿತ್ತಿಲಲ್ಲಿ ನಿಂತು ಕುಡಿದರೆ ಗಂಟಲಲ್ಲಿ ಇಳಿಯುವುದಿಲ್ಲ.

ಸೊಸೆಯ ಮೊದಲ ಸೈಕಲ್ಲೂ ಅಂಥದೇ. ಅವಳು ಓದಿದ್ದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. 2006-07ರಲ್ಲಿ ಶುರುವಾಗಿ ಹಲವು ವರ್ಷ ನಡೆದ ರಾಜ್ಯ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟರಲ್ಲ, ಆಗ ಸಿಕ್ಕಿದ್ದು. ಮುಂದೆ ತಮ್ಮ, ಹಿಂದೆ ಹುಲ್ಲಿನ ಹೊರೆ. “ಅಪ್ಪ ಕೊಡಿಸಿದ್ರೆ, ಸೈಕಲ್ ಕೊಡಿಸಿದೀನಿ ಅಂತ ದಿನಾ ಹೇಳೋರು. ಇದು ಕ್ಲಾಸಿನೋರಿಗೆಲ್ಲ ಬಂದಿದ್ದು. ಯಾರೂ ಏನೂ ಅನ್ನೋ ಹಾಗಿರ್ಲಿಲ್ಲ,” ಎನ್ನುತ್ತಾಳೆ. ಅವಳ ಸ್ವಾವಲಂಬನೆಯ ಬೇರು ಹೀಗೆ ಎಲ್ಲರಿಗೂ ಸಿಕ್ಕ ಒಂದು ಆಸರೆಯಲ್ಲೇ ಇದೆ.

ಇನ್ನು ಸಾಮಾನಿನ ಸಂಗತಿ. ನಡುಮನೆಯಲ್ಲಿ ಹಳೆಯ ಬೆಡ್‌ಶೀಟು ಹಾಸಿ ಅವಳು ಅದರ ಮೇಲೆ ತನ್ನ ಸಂಸಾರವನ್ನು ಹರಡುತ್ತಾಳೆ. ಮಡಚಿದರೆ ಅಂಗೈಯಗಲವಾಗುವ ಮಳೆ ಅಂಗಿ, ಬಯಲಲ್ಲಿ ಮಲಗಲು ಚೀಲದಂಥ ಹಾಸಿಗೆ, ನೀರು ಸೋಸುವ ನಳಿಗೆ, ಬದಲಿ ಟ್ಯೂಬು, ಬ್ರೇಕ್ ಪ್ಯಾಡು, ಚೈನಿನ ಕೊಂಡಿ, ಪಂಪು. ಮುಂದಿನ ಚಕ್ರದ ನಡುವಿನಲ್ಲೇ ಡೈನಮೋ. ತುಳಿದಷ್ಟು ಹೊತ್ತು ದೀಪ ಉರಿಯುತ್ತದೆ, ಹಗಲು ಅದರಿಂದಲೇ ಫೋನಿಗೆ ಚಾರ್ಜು. ಟೈರಿನೊಳಗೆ ಹಾಲಿನಂಥ ಒಂದು ದ್ರವ. ಮುಳ್ಳು ಚುಚ್ಚಿದರೆ ಅದೇ ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ. ಕಲ್ಲು ತಗಲಿ ಟೈರಿನ ಮಗ್ಗುಲೇ ಸೀಳಿದರೆ ಮಾತ್ರ ಸೂಜಿ ದಾರದಲ್ಲಿ ಹೊಲಿಯಬೇಕಂತೆ. ಭಾರದ್ದೆಲ್ಲ ಸೈಕಲ್ಲಿನ ನಡುವೆ ಕೆಳಕ್ಕೆ, ಹಗುರವಾದದ್ದು ಹ್ಯಾಂಡಲ್ಲಿಗೂ ಸೀಟಿನ ಹಿಂದಕ್ಕೂ. ಒಂದೊಂದನ್ನೂ ನನ್ನ ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ಗ್ರಾಮಿನ ಲೆಕ್ಕದಲ್ಲಿ ನೋಟ್‌ಬುಕ್ಕಿಗೆ ಬರೆಯುತ್ತಾಳೆ. ನಾನು ಪ್ರೀತಿಯಿಂದ ತಂದಿಟ್ಟ ಕಾಲು ಕಿಲೋ ಚಟ್ನಿಪುಡಿ ತೂಕ ಮಾಡಿಸಿಕೊಂಡು ಗೌರವದಿಂದ ವಾಪಸ್ಸು ಬಂತು. ಗೋಣಿಚೀಲ ಹೊಲಿಯುವ ನನ್ನ ದಬ್ಬಳ ಮಾತ್ರ ಪರೀಕ್ಷೆಯಲ್ಲಿ ಪಾಸಾಯಿತು.

ಇದನ್ನೆಲ್ಲ ನೋಡುತ್ತ ನನಗೆ ನಮ್ಮ ಕಾಲದ ಪ್ರಯಾಣಗಳು ನೆನಪಾದವು. ಧರ್ಮಸ್ಥಳಕ್ಕೆ ಹೊರಟರೂ ತಿರುಪತಿಗೆ ಹೊರಟರೂ ನನ್ನ ಚೀಲದಲ್ಲಿ ಇರುತ್ತಿದ್ದುದೇನು? ಯಜಮಾನರ ಮಾತ್ರೆ, ಮಗುವಿನ ಹಾಲಿನ ಬಾಟಲಿ, ಅತ್ತೆಯವರ ಶಾಲು, ಯಾರಿಗಾದರೂ ವಾಂತಿಯಾದರೆ ಇರಲೆಂದು ನಿಂಬೆಹಣ್ಣು. ನನ್ನದು ಎರಡು ಸೀರೆ. ನೀವೂ ಹಾಗೆಯೇ ಕಟ್ಟಿದವರಲ್ಲವೇ? ಇಡೀ ಮನೆಯ ಭಯವನ್ನು ಮಡಚಿ ಒಂದು ಚೀಲಕ್ಕೆ ತುಂಬುವುದರಲ್ಲಿ ನಾವು ನಿಪುಣರು. ಹೆಂಗಸೊಬ್ಬಳು ತನಗಾಗಿ ಮಾತ್ರ, ತನಗೇನು ಬೇಕೆಂದು ಯೋಚಿಸಿ ಮಾತ್ರ ಗಂಟು ಕಟ್ಟುವುದನ್ನು ನಾನು ಮೊದಲ ಸಲ ನೋಡುತ್ತಿರುವುದು ಈಗ. ನನಗೆ ಅದು ಸ್ವಾರ್ಥವಾಗಿ ಕಾಣಲಿಲ್ಲ. ಒಂದು ಲೆಕ್ಕದ ಅಭ್ಯಾಸವಾಗಿ ಕಂಡಿತು.

ಸಾಮಾನಿಗಿಂತ ಕಷ್ಟದ ತಯಾರಿ ದೇಹದ್ದು. ಮೊದಲ ಕೆಲಸವಾಗಿ ಅವಳು ರಕ್ತ ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ 10.6, ಹೆಂಗಸರಿಗೆ 12 ಆದರೂ ಇರಬೇಕು. ಜೊತೆಗೆ ಎಳೆದುಕೊಂಡು ಹೋಗಿ ನನ್ನದನ್ನೂ ಮಾಡಿಸಿದಳು. ನನ್ನದು 11. ಹೆರಿಗೆಯ ಕಾಲ ಕಳೆದ ಮೇಲೆ ನನ್ನ ರಕ್ತ ಎಷ್ಟಿದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಸೇರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆಯೆಂದು ಕಂಡಿತು. ಇಷ್ಟು ಜನ ಬೆಳಗ್ಗೆ ಎದ್ದು ನೀರು ಹೊತ್ತು, ರೊಟ್ಟಿ ತಟ್ಟಿ, ಬಸ್ಸು ಹಿಡಿದು ಓಡುತ್ತಿದ್ದಾರೆ. ಅದಕ್ಕೆ ತಯಾರಿ ಬೇಕೆಂದು ಯಾರಿಗೂ ಅನಿಸಿಲ್ಲ, ಏಕೆಂದರೆ ಅದಕ್ಕೆ ಸ್ಪರ್ಧೆಯೆಂಬ ಹೆಸರಿಲ್ಲ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆರಸ ಹಿಂಡಿಕೊಂಡರೆ ಹತ್ತುತ್ತದೆ ಎಂದರು. ನಮ್ಮ ಮನೆಯಲ್ಲಿ ಊಟದ ಬೆನ್ನಿಗೆ ಕಾಫಿ ನಿಂತಿತು.

ವಾರಕ್ಕೆ ಮೂರು ದಿನ ಬೆಳಗ್ಗೆ ನಾಲ್ಕೂವರೆಗೆ ಅವಳು ಹೊರಡುತ್ತಾಳೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ತಿರುವುಗಳನ್ನು ಸಾಮಾನು ಕಟ್ಟಿದ ಸೈಕಲ್ಲಿನಲ್ಲಿ ಹತ್ತಿಳಿಯುವುದು. ಹತ್ತುವುದಕ್ಕಿಂತ ಇಳಿಯುವಾಗ ಬ್ರೇಕು ಹಿಡಿದು ಕೈ ಸೋಲುವುದೇ ಹೆಚ್ಚಂತೆ. ಇದರ ನಡುವೆ ಬ್ರೆವೆ ಎಂಬ ದೂರಸವಾರಿಗಳು: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಗಡುವು. ಅಲ್ಲೂ ಹಿಂದೆ ಕಾರು ಬರುವಂತಿಲ್ಲ. ಅವಳು ಅಲ್ಲಿ ಕಲಿಯುತ್ತಿರುವುದು ವೇಗವನ್ನಲ್ಲ. ಎಷ್ಟು ಹೊತ್ತಿಗೊಮ್ಮೆ ತಿನ್ನಬೇಕು, ಕಿರುಬೆರಳು ಜೋಮು ಹಿಡಿಯುವ ಮುಂಚೆ ಹ್ಯಾಂಡಲ್ಲಿನ ಮೇಲೆ ಕೈ ಎಲ್ಲಿಡಬೇಕು, ಸೀಟಿಗೆ ಉಜ್ಜಿ ಚರ್ಮ ಹುಣ್ಣಾಗದಂತೆ ಏನು ಹಚ್ಚಬೇಕು, ಮುಟ್ಟಿನ ದಿನ ಬಂದರೆ ಏನು ಮಾಡಬೇಕು, ನಿದ್ದೆಗೆಟ್ಟಾಗ ತನ್ನ ಬುದ್ಧಿ ಹೇಗೆ ಸುಳ್ಳು ಹೇಳುತ್ತದೆ, ಇವನ್ನು. ಜೇಬಿನಲ್ಲಿ ನನ್ನ ರಾಗಿ ಹುರಿಹಿಟ್ಟಿನ ಬೆಲ್ಲದುಂಡೆ. ಬಾಟಲಿಯಲ್ಲಿ, ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ, ಭೇದಿಯಾದ ಮಕ್ಕಳಿಗೆ ನಾವು ಕುಡಿಸುತ್ತಿದ್ದ ಅದೇ ನೀರು.

ಇಷ್ಟಾದ ಮೇಲೆ ನಾನು ಕೇಳಬೇಕಾದ ಪ್ರಶ್ನೆಯೊಂದು ಉಳಿಯಿತು. ಅವಳು ನಾಲ್ಕೂವರೆಗೆ ಹೊರಟರೆ ನಾನು ನಾಲ್ಕಕ್ಕೆ ಏಳುತ್ತೇನೆ. ಮೊಮ್ಮಗನನ್ನು ಎಬ್ಬಿಸುವುದು, ಸ್ನಾನ, ಡಬ್ಬಿ, ಶಾಲೆಯ ಬಸ್ಸು. ಅವಳು ಬಂದು ಮಲಗಿದಾಗ ಮಗು ಗಲಾಟೆ ಮಾಡದಂತೆ ನೋಡಿಕೊಳ್ಳುವುದು. ಅರವತ್ತಮೂರರ ಮಂಡಿಗಳು ಈ ಹೊತ್ತಿಗೆ ಏಳಲು ಒಪ್ಪುವುದಿಲ್ಲ, ಒಪ್ಪಿಸಬೇಕು. ನನ್ನ ಮಗನೋ, ಭಾನುವಾರ ಸೈಕಲ್ಲಿನ ಟೈರಿಗೆ ಗಾಳಿ ಹೊಡೆದುಕೊಟ್ಟು ‘ಫುಲ್ ಸಪೋರ್ಟ್’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಒಂದು ಸಂಜೆ ಅವಳು ಚಮಚವೊಂದನ್ನು ತೂಗುತ್ತಿದ್ದಾಗ ಕೇಳಿಯೇಬಿಟ್ಟೆ: “ನಿನ್ನ ನಿಯಮದಲ್ಲಿ ನಾನು ಎಲ್ಲಿ ಬರ್ತೀನಮ್ಮಾ?”

ಅವಳು ತಲೆಯೆತ್ತಿ ನೋಡಿದಳು. ಸುಳ್ಳು ಹೇಳುವವಳಲ್ಲ. “ನೀವು ಗೆರೆಗಿಂತ ಮುಂಚೆ ಬರ್ತೀರಿ ಅತ್ತೆ. ನಿಯಮ ಶುರುವಾಗೋದೇ ಗೆರೆಯಿಂದ ಆಚೆಗೆ,” ಎಂದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವಳ ಮೇಲೆ ಕೋಪವಿರಲಿಲ್ಲ. ಗೆರೆ ಎಳೆದವಳು ಅವಳಲ್ಲ. ಲೋಕದ ಸ್ವಾವಲಂಬನೆಗಳೆಲ್ಲ ಎಲ್ಲಿಂದ ಶುರುವಾಗುತ್ತವೆ ಎಂದು ಯೋಚಿಸಿ ನೋಡಿ. ಸ್ವಂತ ಶಕ್ತಿಯಿಂದ ಮೇಲೆ ಬಂದೆ ಎನ್ನುವ ಗಂಡಸು ಯಾರದೋ ಕೈಯ ಮುದ್ದೆ ಉಂಡು ಹೊರಟಿರುತ್ತಾನೆ. ಕಾಡಿಗೆ ಹೋಗಿ ತಪಸ್ಸು ಮಾಡಿದವರ ಕಥೆಯಲ್ಲಿ, ಅವರು ಬಿಟ್ಟುಹೋದ ಮನೆಯ ಒಲೆ ಹಚ್ಚಿದವರು ಯಾರೆಂದು ಬರೆದಿರುವುದಿಲ್ಲ. ಕೆಲಸ ಮುಗಿದ ಜಾಗದಿಂದ ಆಚೆಗೆ ಗೆರೆ ಎಳೆದು, ಅಲ್ಲಿಂದ ಒಬ್ಬರೇ ನಡೆದರೆ ಅದಕ್ಕೆ ಸ್ವಾವಲಂಬನೆಯೆಂದು ಹೆಸರು.

ಆ ಸ್ಪರ್ಧೆಯವರೂ ಈ ಪ್ರಶ್ನೆಯ ಬಾಗಿಲವರೆಗೆ ಬಂದಿದ್ದಾರೆ. ಅಮೆರಿಕದ ಲೇಲ್ ವಿಲ್‌ಕಾಕ್ಸ್ ಎಂಬಾಕೆ 2015ರಲ್ಲಿ ಈ ದಾರಿಯನ್ನು 15 ದಿನ 10 ಗಂಟೆ 59 ನಿಮಿಷದಲ್ಲಿ ಮುಗಿಸಿ ಹೆಂಗಸರ ದಾಖಲೆ ಮಾಡಿದಳು. 2019ರಲ್ಲಿ ಆಕೆ ಮತ್ತೆ ಹೊರಟಾಗ ಚಿತ್ರ ತೆಗೆಯುವ ತಂಡವೊಂದು ಜೊತೆಗೆ ಹೊರಟಿತು. ಅದರಲ್ಲಿ ಆಕೆಯ ಸಂಗಾತಿಯೂ ಇದ್ದರು. ಬೇಕಾದವರ ಮುಖ ದಾರಿಯಲ್ಲಿ ಕಾಣುವುದೂ ಒಂದು ಆಸರೆಯೇ, ಅದು ಉಳಿದವರಿಗಿಲ್ಲ ಎಂದು ತಕರಾರು ಎದ್ದಿತು. ನನಗೆ ಆ ತಕರಾರು ಸೂಕ್ಷ್ಮವಾಗಿಯೇ ಕಂಡಿತು. ಪ್ರೀತಿಯ ಒಂದು ನೋಟಕ್ಕೂ ತೂಕವಿದೆಯೆಂದು ಒಪ್ಪಿಕೊಂಡ ಜನ ಅವರು. ಆದರೆ ಗೆರೆಯಿಂದ ಆಚೆಗಿನ ನೋಟವನ್ನು ತೂಗಿದವರು ಈಚೆಗಿನ ಆರು ತಿಂಗಳ ಬೆಳಗಿನ ಜಾವಗಳನ್ನು ತೂಗುವುದಿಲ್ಲ. ಅದೇ ವರ್ಷ ಜರ್ಮನಿಯ ಫಿಯೋನಾ ಕೋಲ್‌ಬಿಂಗರ್ ಎಂಬ ವೈದ್ಯಕೀಯ ಸಂಶೋಧಕಿ ಬಲ್ಗೇರಿಯಾದಿಂದ ಫ್ರಾನ್ಸಿನವರೆಗೆ ಸುಮಾರು 4,000 ಕಿಲೋಮೀಟರಿನ ಇಂಥದೇ ಸ್ಪರ್ಧೆಯಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ ಮೊದಲಿಗಳಾದಳು. ಹೆಂಗಸರ ಕಾಲಿಗೆ ಶಕ್ತಿಯಿಲ್ಲವೆಂಬ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು, ಆ ಕಾಲುಗಳಿಗೆ ತಯಾರಿಯ ಹೊತ್ತು ಯಾರು ಕೊಡುತ್ತಾರೆ ಎಂಬ ಪ್ರಶ್ನೆ.

ಉತ್ತರ ಸುಲಭವಾಗಿ ಎರಡು ಸಿಗುತ್ತವೆ. ‘ಸ್ವಾವಲಂಬನೆ ಎಂಬುದೆಲ್ಲ ಬರೀ ಬೊಗಳೆ, ಮನೆಯಲ್ಲಿ ಬಿದ್ದಿರು’ ಎಂಬುದು ಒಂದು. ಪಕ್ಕದ ಮನೆಯಾಕೆ ಇದನ್ನು ಸ್ವಲ್ಪ ನಯವಾಗಿ ಹೇಳಿದರು. ‘ಸೊಸೆಗಾಗಿ ಅತ್ತೆ ಮಾಡಿದರೆ ಅದರಲ್ಲೇನು, ಮನೆಯೆಂದ ಮೇಲೆ ಲೆಕ್ಕವೇ’ ಎಂಬುದು ಇನ್ನೊಂದು. ಇದನ್ನು ನನ್ನ ಮಗ ಹೇಳಿದ. ಮೊದಲನೆಯದು ಕ್ರೂರ, ಮಗು ಹೆತ್ತವಳೆಂಬ ಕಾರಣಕ್ಕೆ ಬೆಟ್ಟ ಹತ್ತಬಾರದೆಂದು ಯಾರೂ ಶಾಸನ ಬರೆದಿಲ್ಲ. ಎರಡನೆಯದು ಸಿಹಿಯಾಗಿದೆ, ಆದರೆ ಇನ್ನೂ ಅಪಾಯ. ಮನೆಯಲ್ಲಿ ಲೆಕ್ಕವಿಡಬಾರದು ಎನ್ನುವವರು ಸಾಮಾನ್ಯವಾಗಿ ಪಡೆಯುವ ಕಡೆಯವರೇ ಆಗಿರುತ್ತಾರೆ. ಲೆಕ್ಕವಿಲ್ಲದೆ ಕೊಟ್ಟದ್ದು ಕೊಟ್ಟವರ ಎದೆಯಲ್ಲಿ ಕಹಿಯಾಗಿ, ಪಡೆದವರ ಎದೆಯಲ್ಲಿ ಹಂಗಾಗಿ, ಒಂದು ದಿನ ಹಬ್ಬದ ಅಡುಗೆಯ ನಡುವೆ ಸಿಡಿಯುತ್ತದೆ. ಅಂಥ ಹಬ್ಬಗಳನ್ನು ನಾವೆಲ್ಲ ನೋಡಿದ್ದೇವೆ.

ನನ್ನ ತವರಿನಲ್ಲಿ ರಾಗಿ ಹೊಲದ ಕಳೆ ಕೀಳಲು ಮುಯ್ಯಾಳು ಇತ್ತು. ಇವತ್ತು ನಾವು ಐದು ಮನೆಯ ಹೆಂಗಸರು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿಯಿಲ್ಲ, ಉಪಕಾರವೂ ಅಲ್ಲ. ದಿನಕ್ಕೆ ದಿನ. ನಮ್ಮಮ್ಮ ಓದಿದವಳಲ್ಲ. ಆದರೂ ಯಾರ ಮನೆಗೆ ಎಷ್ಟು ದಿನ ಕೊಡಬೇಕೆಂದು ಅವಳಿಗೆ ಬಾಯಲ್ಲೇ ಇತ್ತು. ಹಾಗೆ ಕಳೆ ಕಿತ್ತ ಹೆಂಗಸರಲ್ಲಿ ಒಬ್ಬರಿಗೊಬ್ಬರು ತಲೆ ತಗ್ಗಿಸಿದ್ದನ್ನು ನಾನು ಕಾಣೆ. ಹಂಗಿಲ್ಲದೆ ಬದುಕುವುದೆಂದರೆ ಪಡೆಯದೆ ಬದುಕುವುದಲ್ಲ. ಪಡೆದದ್ದರ ಲೆಕ್ಕ ಗೊತ್ತಿದ್ದು, ಇನ್ನೊಬ್ಬರ ಸರದಿ ಬಂದಾಗ ಹೊಲಕ್ಕೆ ಇಳಿಯುವುದು. ಸ್ವಾವಲಂಬನೆಗೆ ನಾನು ಮಕ್ಕಳಿಗೆ ಬರೆಸಬಹುದಾದ ಅರ್ಥ ಈಗ ಇದೊಂದೇ.

ಮರುದಿನ ಸೊಸೆಗೆ ಹೇಳಿದೆ: “ನಾನು ಮಾಡೋದನ್ನ ಮಾಡ್ತೀನಿ. ಆದ್ರೆ ಇದು ಮುಯ್ಯಿ. ನಿನ್ನ ನೋಟ್‌ಬುಕ್ಕಲ್ಲಿ ಬರ್ಕೋ.” ಅವಳು ನಗಲಿಲ್ಲ. ಸಾಮಾನಿನ ಪಟ್ಟಿಯ ಹಿಂದಿನ ಪುಟ ತಿರುವಿ ದಿನಾಂಕ ಹಾಕಿದಳು. “ನಿಮ್ಮ ಸರದಿಗೆ ಏನು ಬೇಕು ಹೇಳಿ ಅತ್ತೆ,” ಎಂದಳು.

ನನಗೆ ಏನೂ ತೋಚಲಿಲ್ಲ! ಮೂರು ದಿನ ಯೋಚಿಸಿದೆ. ಮೊಮ್ಮಗನಿಗೆ ಬೇಕಾದದ್ದು, ಮಗನಿಗೆ ಬೇಕಾದದ್ದು ಸಾಲಾಗಿ ಬಂದವು. ನನಗೆಂದರೆ ಖಾಲಿ. ಕೇಳಿ ಅಭ್ಯಾಸವಿಲ್ಲದ ಬಾಯಿಗೂ ತಯಾರಿ ಬೇಕೆಂದು ಆಗ ತಿಳಿಯಿತು. ನಾಲ್ಕನೆಯ ದಿನ ಹೇಳಿದೆ: ಅವಳು ಹಿಂದಿರುಗಿದ ಮೇಲೆ ಮೂರು ವಾರ ಮೇಲುಕೋಟೆಯಲ್ಲಿ ಒಂದು ಕೋಣೆ. ನಾನೊಬ್ಬಳೇ. ‘ಇವತ್ತು ಅಡುಗೆ ಏನು’ ಎಂದು ಯಾರೂ ಕೇಳಕೂಡದು. ಬರೆದುಕೊಂಡಳು.

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಸವಾರಿಗಳು ಉದ್ದವಾದಂತೆ ಬೆಳಗಿನ ಕೆಲಸ ನನ್ನೊಬ್ಬಳಿಂದ ಆಗದೆಂದು, ಎಂಟು ಗಂಟೆಗೆ ಬರುವ ಕೆಲಸದಾಕೆಯನ್ನು ಆರಕ್ಕೇ ಬರಹೇಳುವ ಮಾತು ಬಂತು. ಸಂಬಳ ಹೆಚ್ಚಿಗೆ, ಆಕೆಯೂ ಒಪ್ಪಿದಳು. “ದುಡ್ಡು ಕೊಡ್ತೀವಲ್ಲ ಅತ್ತೆ, ಇದು ಅಂಗಡಿ ಇದ್ದ ಹಾಗೆ,” ಎಂದಳು ಸೊಸೆ. ನಿಯಮದ ಪ್ರಕಾರ ಸರಿಯೇ. ಆದರೂ ನಾನು ಆಕೆಯನ್ನು ಕೇಳಿದೆ: “ಆರಕ್ಕೆ ಇಲ್ಲಿಗೆ ಬಂದ್ರೆ ನಿಮ್ಮನೇಲಿ ಯಾರು ನೋಡ್ಕೋತಾರೆ?” “ದೊಡ್ಡೋಳಿದಾಳಲ್ಲಮ್ಮಾ, ಎಂಟನೇ ಕ್ಲಾಸು. ಅಡುಗೆ ಮಾಡಿ ಚಿಕ್ಕೋನ್ನ ರೆಡಿ ಮಾಡ್ತಾಳೆ.” ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕೆನಡಾದ ಬೆಟ್ಟದ ದಾರಿಯ ತುದಿ ಹದಿಮೂರು ವರ್ಷದ ಹುಡುಗಿಯೊಬ್ಬಳ ಒಲೆಯ ಮುಂದೆ ಬಂದು ನಿಂತಿತ್ತು. ತಾನು ಸೈಕಲ್ ಪಡೆದ ತರಗತಿ ಯಾವುದೆಂದು ಸೊಸೆಗೆ ನಾನು ನೆನಪಿಸಬೇಕಾಗಿರಲಿಲ್ಲ.

ಆ ಏರ್ಪಾಡು ಅಲ್ಲಿಗೇ ನಿಂತಿತು. ಬೆಳಗ್ಗೆ ಆರರಿಂದ ಎಂಟರವರೆಗಿನ ಕೆಲಸಕ್ಕೆ ಈಗ ನನ್ನ ಮಗನ ಸರದಿ. ಮೊದಲ ವಾರ ಅನ್ನ ಮುದ್ದೆಯಾಯಿತು, ಮುದ್ದೆ ಗಂಟಾಯಿತು. ಈಗ ಎರಡೂ ತಕ್ಕಮಟ್ಟಿಗೆ ಗಂಟಲಲ್ಲಿ ಇಳಿಯುತ್ತವೆ. ‘ಫುಲ್ ಸಪೋರ್ಟ್’ ಎಂಬ ಮಾತು ಇತ್ತೀಚೆಗೆ ಅವನ ಬಾಯಲ್ಲಿ ಕೇಳಿಲ್ಲ. ಕೆಲಸದಾಕೆ ಎಂದಿನಂತೆ ಎಂಟಕ್ಕೆ ಬರುತ್ತಾಳೆ. ದೊಡ್ಡ ಮಗಳು ಬೆಳಗ್ಗೆ ಎದ್ದು ಓದುತ್ತಾಳಂತೆ. ಓದದೆ ಮುಸುಕೆಳೆದು ಮಲಗಿದ್ದರೂ ನನ್ನ ಅಭ್ಯಂತರವಿಲ್ಲ. ಆ ಬೆಳಗು ಅವಳದು.